ದುಂಡೇಶ ಇಲೆಕ್ಷನ್ನಿಗೆ ನಿಂತಿಲ್ಲ

ಹೋದ ವರ್ಷ ನಮ್ಮ ಬೋರಗುಂಡಿಗೆ ಬಡ್ತಿ ಸಿಕ್ಕಿತು. ಇಂಡಿಯಿಂದ ತಾಂಬಾಕ್ಕೆ ಹೋಗುವ ದಾರಿಯಲ್ಲಿ, ಬಸ್ಸಿನ ಡ್ರೈವರನಿಗೆ ಮನಸ್ಸಾದರೆ ನಿಲ್ಲಿಸುವ, ಇಲ್ಲದಿದ್ದರೆ ಹಾಗೇ ದಾಟುವ ಊರು ನಮ್ಮದು. ಅದು ಒಂದು ಬೆಳಗ್ಗೆ ಗ್ರಾಮ ಪಂಚಾಯಿತಿ ಹೋಗಿ ಪಟ್ಟಣ ಪಂಚಾಯಿತಿ ಆಯಿತು. ಕಣ್ಣಿಗೆ ಕಾಣುವಂತೆ ಬದಲಾದದ್ದು ಊರ ಹೊರಗಿನ ಬೋರ್ಡು ಮಾತ್ರ. ಮೊದಲು ಅದರಲ್ಲಿ ಬರೀ ಊರ ಹೆಸರಿತ್ತು, ಈಗ 'ಉದ್ಯಮಸ್ನೇಹಿ ಪಟ್ಟಣ ಬೋರಗುಂಡಿಗೆ ಸುಸ್ವಾಗತ' ಎಂದಾಯಿತು. ರಾತ್ರಿ ಬರುವ ಉದ್ಯಮಿಗಳಿಗೂ ಕಾಣಲೆಂದು ಬೋರ್ಡಿನ ನೆತ್ತಿಯ ಮೇಲೆ ಒಂದು ದೀಪ ಕೂರಿಸಿದರು. ಅದಕ್ಕೆ ಕರೆಂಟು ಕೊಡುವುದೊಂದು ಮರೆತುಹೋಯಿತು.

ನಾನು ಮಾನಪ್ಪ, ಬಜಾರ ಓಣಿಯಲ್ಲಿ ಟೇಲರ್. ನನ್ನ ಕಣ್ಣು ಸೂಜಿಯ ಮೇಲಿದ್ದರೂ ಕಿವಿ ರಸ್ತೆಯ ಮೇಲೆಯೇ ಇರುತ್ತದೆ. ದುಂಡೇಶನ ಅಂಗಡಿ ನನ್ನ ಗೋಡೆಗೆ ಗೋಡೆ. ಹೀಗಾಗಿ ಅವನ ಕಥೆ ಹೇಳುವ ಹಕ್ಕು ನನಗಿರುವಷ್ಟು ಅವನಿಗೂ ಇಲ್ಲ.

ದುಂಡೇಶ ಒಳ್ಳೆಯವನು. ಅದರಿಂದ ಅವನಿಗೆ ಈತನಕ ಉಪಯೋಗವೇನೂ ಆಗಿಲ್ಲ. ಮೊದಲು ಮೊಬೈಲ್ ಕವರು ಮಾರಿದ. ಅವನು ತಂದ ಕವರುಗಳೆಲ್ಲ ಊರಲ್ಲಿ ಯಾರ ಹತ್ತಿರವೂ ಇಲ್ಲದ ಮೊಬೈಲುಗಳವು. ಆಮೇಲೆ ಸೋಡಾ ಅಂಗಡಿ ಇಟ್ಟ, ಅದೂ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ. ಆಮೇಲೆ ಜಾತಿ ಕೋಳಿ ಸಾಕಿದ. ನೋಡಲು ಬಂದವರಿಗೆಲ್ಲ ಪ್ರೀತಿಯಿಂದ ಕೊಯ್ದು ಊಟಕ್ಕೆ ಹಾಕಿ ಆ ಉದ್ಯಮವನ್ನು ಮುಗಿಸಿದ.

ಈ ಸಲದ ಎಣ್ಣೆ ಗಾಣದ ವಿಚಾರ ಅವನ ಹೆಂಡತಿ ಸುರೇಖಾಳದು, ಆದ್ದರಿಂದ ಅದರಲ್ಲಿ ಬುದ್ಧಿ ಇತ್ತು. ಸುತ್ತಲಿನ ಹಳ್ಳಿಯವರು ಶೇಂಗಾ, ಕುಸುಬಿ ಬೆಳೆಯುತ್ತಾರೆ. ಅದನ್ನು ಮಾರಿ ಯಾವುದೋ ಊರಿನ ಪಾಕೀಟಿನ ಎಣ್ಣೆ ತರುತ್ತಾರೆ. "ಅವರ ಕಾಳು ಅವರ ಕಣ್ಣ ಮುಂದ ಅರದು ಎಣ್ಣಿ ಕೊಟ್ರ ಯಾಕ ಬರಂಗಿಲ್ಲ ಮಂದಿ?" ಎಂದಳು ಸುರೇಖಾ. ತವರಿನ ಬಂಗಾರ ಮುರಿಸಿ ಗಾಣ ತರಿಸಿದಳು. ಗಾಣ ಬಂತು, ನಿಂತಿತು. ಅದನ್ನು ತಿರುಗಿಸಲು ಮೂರು ಫೇಸಿನ ಲೈನು ಬೇಕು. ಬೇಸಿಗೆಯಲ್ಲಿ ಸುರೇಖಾಳ ಹೆಸರಿನಲ್ಲಿ ಅರ್ಜಿ ಕೊಟ್ಟದ್ದು, ದಸರೆ ದಾಟಿದರೂ ಲೈನಿನ ಸುಳಿವಿಲ್ಲ. ಹೋದಾಗಲೆಲ್ಲ ಕರೆಂಟಿನ ಕಚೇರಿಯವರು ಇನ್ನೊಂದು ಕಾಗದ ಕೇಳುತ್ತಿದ್ದರು. ಗಾಣದ ಮೇಲೆ ಸುರೇಖಾ ಒಣಗಿದ ಬಟ್ಟೆ ಮಡಚಿ ಇಡತೊಡಗಿದಳು.

ಅಷ್ಟರಲ್ಲಿ ಸಿಂದಗಿಯಿಂದ ಅವಳ ಅಣ್ಣ ಅಮಸಿದ್ದ ಬಂದ. ಸಿಂದಗಿಯಲ್ಲಿ ಅವನದು ದೊಡ್ಡ ಕಿರಾಣಿ ಅಂಗಡಿ. ಗಾಣದ ಮೇಲಿನ ಬಟ್ಟೆ ನೋಡಿದ, ತಂಗಿಯ ಬರಿಗೈ ನೋಡಿದ.

"ದುಂಡೇಶ, ದೀಪಾವಳಿ ಆದ ಮ್ಯಾಲಿನ ಗೌರಿ ಹುಣ್ಣಿಮಿಗೆ ನಾ ಮತ್ತ ಬರ್ತೇನಿ. ಅವತ್ತ ಈ ಗಾಣ ತಿರುಗತಿತ್ತಂದ್ರ ಒಂದ ಸೇರು ಎಣ್ಣಿ ಕೊಂಡು ಹೋಗ್ತೇನಿ. ತಿರುಗಲಿಲ್ಲಂದ್ರ ನಿಮ್ಮಿಬ್ಬರ್ನೂ ಕರಕೊಂಡು ಹೋಗ್ತೇನಿ. ನನ್ನ ಅಂಗಡ್ಯಾಗ ಸಕ್ರಿ ತೂಗಾಕ ಒಬ್ಬರು ಬೇಕಾಗ್ಯಾರ."

ಹೆಂಡತಿಯ ಅಣ್ಣನ ಅಂಗಡಿಯಲ್ಲಿ ಸಕ್ಕರೆ ತೂಗುವುದೆಂದರೆ ನಮ್ಮ ಕಡೆ ಗಂಡಸಿಗೆ ಅದಕ್ಕಿಂತ ಕೆಳಗಿನ ಮೆಟ್ಟಿಲಿಲ್ಲ. ದುಂಡೇಶ ರಾತ್ರಿಯೆಲ್ಲ ವಿಚಾರ ಮಾಡಿ ಬೆಳಗಾಗುವಷ್ಟರಲ್ಲಿ ಒಂದು ನಿರ್ಧಾರಕ್ಕೆ ಬಂದ. ಅದು ಲೈನಿನ ಬಗ್ಗೆ ಅಲ್ಲ. ಫ್ಲೆಕ್ಸ್ ಹಾಕಿಸುವ ಬಗ್ಗೆ.

ಫ್ಲೆಕ್ಸ್ ಇಲ್ಲದೆ ನಮ್ಮಲ್ಲಿ ಏನೂ ನಡೆಯುವುದಿಲ್ಲ. ಮಗುವಿನ ಜವಳಕ್ಕೂ, ಟ್ರ್ಯಾಕ್ಟರ್ ಕೊಂಡದ್ದಕ್ಕೂ ಫ್ಲೆಕ್ಸ್ ಬೇಕು, ಅದರಲ್ಲಿ ಶುಭ ಕೋರುವವರ ಫೋಟೋ ಬೇಕು. ದುಂಡೇಶ ನನ್ನನ್ನೂ ಕರೆದುಕೊಂಡು ಮಲಿಕಸಾಬನ ಪ್ರಿಂಟಿಂಗ್ ಅಂಗಡಿಗೆ ಹೋದ. ಮಲಿಕಸಾಬನ ಕಂಪ್ಯೂಟರಿನಲ್ಲಿ ಡಿಜೈನು ಒಂದೇ. ನಡುವೆ ಕೈ ಮುಗಿದು ನಿಂತ ಆಳೆತ್ತರದ ಮನುಷ್ಯ, ಮೇಲೆ ಹಿರಿಯರ ಸಾಲು, ಕೆಳಗೆ ಗುಂಡು ಗುಂಡು ಫೋಟೋಗಳು. ನಡುವಿನ ಮುಖ ಬದಲಿಸಿದರೆ ಸಮಾರಂಭ ಬದಲಾಗುತ್ತದೆ.

"ಗಾಣದ ಚಿತ್ರ ಎಲ್ಲಿ ಹಾಕ್ಲಿ ದುಂಡೇಶಣ್ಣ?" ಎಂದು ಮಲಿಕಸಾಬ ಕೇಳಿದ.

"ಎಲ್ಲೆರ ಚಂದ ಕಾಣೂ ಹಂಗ ಹಾಕಪಾ."

ಮಲಿಕಸಾಬ ದುಂಡೇಶನ ಬಲಕ್ಕೆ ಒಂದು ವೃತ್ತ ಬರೆದು ಅದರೊಳಗೆ ಗಾಣ ಕೂರಿಸಿದ. ಕೆಳಗೆ 'ಶೇಂಗಾ, ಕುಸುಬಿ, ಎಳ್ಳಿನ ಶುದ್ಧ ಎಣ್ಣೆ ತೆಗೆದು ಕೊಡಲಾಗುವುದು' ಎಂದು ದೊಡ್ಡ ಅಕ್ಷರದಲ್ಲಿ ಬರೆದ. ಅದರ ಕೆಳಗೆ 'ಒಮ್ಮೆ ಅವಕಾಶ ಕೊಟ್ಟು ನೋಡಿ' ಎಂದು ತನ್ನ ಕಡೆಯಿಂದ ಪುಕ್ಕಟೆ ಸೇರಿಸಿದ. ಅಲ್ಲಿಗೆ ಎಲ್ಲ ಸರಿಯಾಗಿತ್ತು.

ಆದರೆ ಸುದ್ದಿ ಓಣಿಗೆ ಮುಟ್ಟಿತು. ಪಾತ್ರೆ ಅಂಗಡಿಯ ಬಾಬುಲಾಲ ತನ್ನ ಫೋಟೋ ಕಳಿಸಿದ. ಹೊರ್ತಿಯಿಂದ ದುಂಡೇಶನ ಚಿಗವ್ವನ ಮಕ್ಕಳು ಅಣ್ಣತಮ್ಮಂದಿರೆಲ್ಲ ಒಟ್ಟಿಗೆ ನಿಂತ ಫೋಟೋ ಕಳಿಸಿದರು. ಒಬ್ಬನನ್ನು ಹಾಕಿದರೆ ಇನ್ನೊಬ್ಬ ಸಿಟ್ಟಾಗುತ್ತಾನೆ. ನನ್ನದೂ ಒಂದು ಹಾಕಿದ, ಬೇಡವೆಂದು ನಾನು ಒಂದು ಸಲ ಹೇಳಿದ್ದೆ. ಹಳೆಯ ಪಂಚಾಯಿತಿಯ ಮೆಂಬರು, ಇಡೀ ವಾರ್ಡಿಗೆ ಹಿರಿಯರಾದ ಗುರುಲಿಂಗಪ್ಪನವರದು ಮೇಲೆ ನಡುವಿಗೆ ಬಂತು. ಅವರ ಫೋಟೋ ಇಲ್ಲದೆ ನಮ್ಮ ಊರಲ್ಲಿ ಮದುವೆಯ ಚಪ್ಪರವೂ ಏಳುವುದಿಲ್ಲ.

"ಇನ್ನ ಜಾಗಾ ಇಲ್ಲ. ಯಾರನ್ನರೆ ತಗೀಬೇಕು," ಎಂದ ಮಲಿಕಸಾಬ.

"ಮನಶ್ಯಾನ್ನ ಹೆಂಗ ತಗೀತಿ? ಆ ಎಣ್ಣಿ ಬರದದ್ದು ತಗಿ, ಅದೇನು ಸಿಟ್ಟಾಗಂಗಿಲ್ಲ," ಎಂದ ದುಂಡೇಶ.

ಹೀಗೆ ಎಣ್ಣೆ ಹೋಯಿತು. ಉಳಿದದ್ದು ಕೈ ಮುಗಿದ ದುಂಡೇಶ, ವೃತ್ತದೊಳಗಿನ ಗಾಣ, ಇಡೀ ಊರಿನ ಹಾರೈಕೆ, ಮತ್ತು ಒಮ್ಮೆ ಅವಕಾಶ ಕೊಟ್ಟು ನೋಡಿ ಎಂಬ ವಿನಂತಿ.

ಹೊಸ ಪಟ್ಟಣ ಪಂಚಾಯಿತಿಗೆ ಮೊದಲ ಇಲೆಕ್ಷನ್ ಇನ್ನೇನು ಬಂತು ಎಂದು ಊರು ಮಾತಾಡಿಕೊಳ್ಳುತ್ತಿದ್ದ ವಾರವದು. ಫ್ಲೆಕ್ಸ್ ಏರಿತು. ಊರು ಅದರ ಕೆಳಗೆ ನಿಂತು ತಲೆಯೆತ್ತಿ ನೋಡಿ, ಯಾರೂ ಹೇಳಿಕೊಡದೆ ತಾನೇ ಅರ್ಥ ಮಾಡಿಕೊಂಡಿತು.

ಮೊದಲು ಬಂದವಳು ಹಿಂದಿನ ಓಣಿಯ ರೇವವ್ವ. ಅವಳ ಕೈಯಲ್ಲಿ ಖಾಲಿ ಕೊಡ.

"ಯಪ್ಪಾ ದುಂಡೇಶಾ, ನಮ್ಮ ಓಣಿ ನಳಕ್ಕ ನೀರು ಬಂದಿಲ್ಲ."

"ನಾ ಏನ್ ಮಾಡ್ಲಿ ಆಯಿ? ನಾ ಎಣ್ಣಿಯಂವ."

"ಮೊದಲ ನೀರು ಕೊಡು. ಎಣ್ಣಿ ಆಮ್ಯಾಲ ನೋಡೂಣು," ಎಂದು ಹೇಳಿ ಅವಳು ಕೊಡವನ್ನು ಗುರುತಿಗೆ ಅಲ್ಲಿಯೇ ಇಟ್ಟು ಹೋದಳು.

ಮಧ್ಯಾಹ್ನದ ಹೊತ್ತಿಗೆ ಅಂಗಡಿಯ ಮುಂದೆ ಕೊಡಗಳ ಸಾಲು ಬೆಳೆಯಿತು. ದುಂಡೇಶ ಬಂದವರಿಗೆಲ್ಲ ಕೈ ಮುಗಿದು, "ನಾ ನಿಂತಿಲ್ರಿ, ಖರೇನ ನಿಂತಿಲ್ರಿ" ಎಂದು ಹೇಳುತ್ತಿದ್ದ. ಅವನು ಕೈ ಮುಗಿದ ರೀತಿ ಫ್ಲೆಕ್ಸಿನಲ್ಲಿದ್ದಂತೆಯೇ ಇತ್ತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಭಾರಿ ಹುಷಾರದಾನ. ಬಾಯಿ ಬಿಡವಲ್ಲ," ಎಂದು ಬಾಬುಲಾಲ ದುಂಡೇಶನಿಗೂ ಕೇಳುವಷ್ಟು ಜೋರಾಗಿ ನನ್ನ ಕಿವಿಯಲ್ಲಿ ಹೇಳಿದ. ಇಷ್ಟು ದಿನ ದುಂಡೇಶನನ್ನು ಯಾರೂ ಹುಷಾರು ಎಂದಿರಲಿಲ್ಲ. ಸುಳ್ಳಾದರೂ ಕೇಳಿ ಅವನ ಮುಖ ಸ್ವಲ್ಪ ಅರಳಿತು, ಅದನ್ನು ಕಂಡು ಜನಕ್ಕೆ ಉಳಿದ ಅನುಮಾನವೂ ಹೋಯಿತು.

ಸಂಜೆಗೆ ಕರೆಂಟಿನ ಕಚೇರಿಯ ಸಾಹೇಬರೇ ಬಂದರು. ಬೇಸಿಗೆಯಿಂದ ಅವರ ಬೆನ್ನು ಮಾತ್ರ ನೋಡಿದ್ದ ದುಂಡೇಶನಿಗೆ ಅವರ ಮುಖದ ಗುರುತೇ ಹತ್ತಲಿಲ್ಲ.

"ದುಂಡೇಶ ಅವರ, ನಿಮ್ಮದೊಂದು ಅರ್ಜಿ ನಮ್ಮಲ್ಲಿ ಉಳಿದಿತ್ತಂತಲ್ರಿ. ನನಗ ಯಾರೂ ಹೇಳೇ ಇಲ್ಲ ನೋಡ್ರಿ."

"ನಾನ ಹೇಳಿದ್ನಲ್ರಿ ಸಾಹೇಬ್ರ. ವಾರಾ ವಾರಾ ಬರ್ತಿದ್ನಿ."

"ಹಂಗಲ್ರಿ. ನೀವು ನೀವಾ ಅಂತ ಯಾರೂ ಹೇಳಲಿಲ್ಲ."

ದುಂಡೇಶ ಮತ್ತೆ 'ನಾ ನಿಂತಿಲ್ರಿ' ಎನ್ನಲು ಬಾಯಿ ತೆರೆದ. ಒಳಗಿನಿಂದ ಸುರೇಖಾ ಚಹಾ ತಂದು, ಸಾಹೇಬರಿಗೆ ಕೊಡುವ ಮೊದಲು ಗಂಡನ ಕೈಗೆ ಬಿಸಿ ಕಪ್ಪು ಇಟ್ಟಳು. ಅವನು ಊದುತ್ತ ಕೂತ. ಮರುದಿನ ಬೆಳಗ್ಗೆ ಕಂಬದಿಂದ ವಾಯರು ಎಳೆದರು. ಗಾಣ ಗುಂಯ್ ಎಂದು ತಿರುಗಿದಾಗ ಸುರೇಖಾ ಗೋಡೆಗೆ ಮುಖ ಮಾಡಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ನೋಡಿದೆ. ನನಗೂ ಸಂತೋಷವೇ ಆಯಿತು, ಹೇಳಲು ನಾಚಿಕೆಯೇನು.

ಗುರುಲಿಂಗಪ್ಪನವರು ಬಂದದ್ದು ಆಮೇಲೆ. ಬಂದವರೇ ಫ್ಲೆಕ್ಸಿನ ಕೆಳಗೆ ನಿಂತು ತಮ್ಮ ಫೋಟೋವನ್ನೇ ಬಹಳ ಹೊತ್ತು ನೋಡಿದರು.

"ನನ್ನ ಫೋಟೋ ಹಾಕಿ, ನನ್ನ ಆಶೀರ್ವಾದ ತಗೊಂಡು, ನನ್ನ ಮ್ಯಾಲೆ ನಿಲ್ಲಾಕತ್ತೀಯಲ್ಲೋ ತಮ್ಮಾ. ಇಂಥಾ ತೆಲಿ ನಿನಗ ಎಲ್ಲಿಂದ ಬಂತು?"

"ಕಾಕಾರ, ನಿಮ್ಮ ಪಾದದಾಣಿ ನಾ ನಿಂತಿಲ್ರಿ."

"ಆತು, ನಿಂತಿಲ್ಲ. ನಿಲ್ಲದಿರಾಕ ಏನ್ ಬೇಕು ಅದನ್ನರೆ ಹೇಳು."

"ಏನೂ ಬ್ಯಾಡ್ರಿ."

ಗುರುಲಿಂಗಪ್ಪನವರು ಹೆದರಿದರು. ಏನೂ ಬೇಡ ಎನ್ನುವವನನ್ನು ಅವರು ರಾಜಕೀಯದಲ್ಲಿ ಕಂಡೇ ಇರಲಿಲ್ಲ. ಹೋಗುವಾಗ ರೇವವ್ವನ ಕೊಡಕ್ಕೆ ಎಡವಿದರು. ಮರುದಿನ ಹಿಂದಿನ ಓಣಿಯ ನಳಕ್ಕೆ ನೀರು ಬಂತು, ದುಂಡೇಶನ ಅಂಗಡಿಯ ಮುಂದಿನ ಗಟಾರದ ಮೇಲೆ ಕಲ್ಲು ಬಿತ್ತು. ಹೊರ್ತಿ, ತಾಂಬಾದ ಕಡೆಯಿಂದ ಶೇಂಗಾ ಚೀಲ ಹೊತ್ತ ಗಾಡಿಗಳು ಬಂದು ನಿಂತವು.

ಇದನ್ನೆಲ್ಲ ಬಾಬುಲಾಲ ನೋಡುತ್ತಿದ್ದ. ಅವನು ಗೋದಾಮಿಗೆ ಪರವಾನಗಿ ಕೇಳಿ ಅಲೆದೂ ಅಲೆದೂ ಚಪ್ಪಲಿ ಸವೆಸಿದ್ದ. ಮೆಲ್ಲಗೆ ಬಂದು, "ಮಾನಪ್ಪಾ, ಆ ಫ್ಲೆಕ್ಸ್ ಎಲ್ಲಿ ಹೊಡಿಸ್ಯಾನ?" ಎಂದು ಕೇಳಿದ. ಮರುದಿನ ಪಾತ್ರೆ ಅಂಗಡಿಯ ಮೇಲೆ ಬಾಬುಲಾಲ ಕೈ ಮುಗಿದು ನಿಂತಿದ್ದ, ಪಕ್ಕದ ವೃತ್ತದಲ್ಲಿ ಕುಕ್ಕರು. ಅದರ ಮರುದಿನ ಸೈಕಲ್ ಅಂಗಡಿಯವರು, ಹಿಟ್ಟಿನ ಗಿರಣಿಯವರು, ಸಲೂನಿನವರು. ಮಲಿಕಸಾಬ ಮುಖ ಬದಲಿಸಿ ಬದಲಿಸಿ ಸುಸ್ತಾದ. ಎಲ್ಲರ ಫ್ಲೆಕ್ಸಿನ ಮೇಲೂ ನಡುವಿಗೆ ಗುರುಲಿಂಗಪ್ಪನವರು ಆಶೀರ್ವಾದ ಮಾಡುತ್ತಿದ್ದರು. ಅವರು ಬಜಾರಿಗೆ ಬರುವುದನ್ನೇ ಬಿಟ್ಟರು.

ಆದರೆ ಕೆಲಸಗಳು ಆದವು ನೋಡಿ. ಬಾಬುಲಾಲನಿಗೆ ಪರವಾನಗಿ ಮನೆ ಬಾಗಿಲಿಗೆ ಬಂತು. ಗಿರಣಿಯ ಮುಂದಿನ ತಗ್ಗು ಮುಚ್ಚಿತು. ಸಲೂನಿಗೆ ನೀರು ಬಂತು. ಆ ಹದಿನೈದು ದಿನ ಬೋರಗುಂಡಿಯಂಥ ಉದ್ಯಮಸ್ನೇಹಿ ಪಟ್ಟಣ ಜಿಲ್ಲೆಯಲ್ಲೇ ಇರಲಿಲ್ಲ ಎಂದು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಉದ್ಯಮಿಗಳನ್ನು ಕಂಡರೆ ಅಧಿಕಾರಿಗಳೇ ಮೊದಲು ನಮಸ್ಕಾರ ಮಾಡುತ್ತಿದ್ದರು.

ಇಲೆಕ್ಷನ್ ಘೋಷಣೆಯಾಯಿತು. ಅಂದೇ ಚುನಾವಣಾ ಸಿಬ್ಬಂದಿ ಬಂದು ಫ್ಲೆಕ್ಸುಗಳನ್ನೆಲ್ಲ ಬಿಚ್ಚಿ ಟ್ರ್ಯಾಕ್ಟರಿಗೆ ತುಂಬಿದರು. ದುಂಡೇಶ, "ಇದು ಇಲೆಕ್ಷನ್ನಿಂದಲ್ರಿ, ಎಣ್ಣಿದು" ಎಂದ. "ಎಲ್ಲಾರೂ ಹಿಂಗ ಹೇಳ್ತಾರ" ಎಂದು ಅವರು ಅದನ್ನೇ ಮೊದಲು ಬಿಚ್ಚಿದರು.

ನಾಮಪತ್ರದ ದಿನಗಳು ಶುರುವಾದವು. ಗುರುಲಿಂಗಪ್ಪನವರು ಮೊದಲ ದಿನವೇ ಸಲ್ಲಿಸಿ, ದಿನವೂ ಕಚೇರಿಯ ಎದುರಿನ ಚಹಾದಂಗಡಿಯಲ್ಲಿ ಕೂತು ಯಾರು ಬರುತ್ತಾರೆಂದು ಕಾದರು. ಯಾರೂ ಬರಲಿಲ್ಲ. ಬಾಬುಲಾಲ ಪರವಾನಗಿ ಸಿಕ್ಕಿದ್ದೇ ಸೊಲ್ಲಾಪುರಕ್ಕೆ ಮಾಲು ತರಲು ಹೋಗಿದ್ದ. ಗಿರಣಿಯವನು ಹಿಟ್ಟು ಬೀಸುತ್ತಿದ್ದ. ದುಂಡೇಶನಂತೂ ಸಿಕ್ಕಸಿಕ್ಕವರಿಗೆ ಗಾಣದ ಆಣೆ ಮಾಡಿ ತಾನು ನಿಂತಿಲ್ಲ ಎಂದು ಹೇಳಿದ. ಕೊನೆಯ ದಿನ ಬೆಳಗ್ಗೆ ಗುರುಲಿಂಗಪ್ಪನವರು ಅದನ್ನು ನಂಬಿದರು. ಅವಿರೋಧ ಆಯ್ಕೆ ಎಂದು ಪೇಢೆಗೆ ಹೇಳಿ ಕಳಿಸಿದರು.

ಅವರು ನಂಬಿದ ಸುದ್ದಿ ಕರೆಂಟಿನ ಕಚೇರಿಗೆ ಮುಟ್ಟಲು ತಡವಾಗಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಲೈನಮನ್ ಸಂಗು ಬಂದು ದುಂಡೇಶನ ಅಂಗಡಿಯ ಮುಂದಿನ ಕಂಬ ಹತ್ತಿದ. ಗಾಣ ನರಳಿ ನಿಂತಿತು. ಅರ್ಧ ಅರೆದ ಶೇಂಗಾ ಒಳಗೇ ಉಳಿಯಿತು, ಅದರ ಧಣಿ ಹೊರ್ತಿಯ ರೈತ ಖಾಲಿ ಡಬ್ಬ ಹಿಡಿದು ಮಿಕಿಮಿಕಿ ನೋಡಿದ.

"ಏನ್ ಮಾಡಾಕತ್ತೀಯೋ ಸಂಗು?" ಎಂದು ದುಂಡೇಶ ಕೆಳಗಿನಿಂದ ಕೂಗಿದ.

"ಸಾಹೇಬರು ಹೇಳ್ಯಾರ ಅಣ್ಣಾ. ಇದು ಸರದಿ ಬಿಟ್ಟು ಕೊಟ್ಟ ಲೈನ್ ಅಂತ. ನಿಮ್ಮ ಸರದಿ ಬಂದಾಗ ಹಾಕ್ತಾರಂತ."

"ಸರದಿ ಯಾವಾಗ ಬರ್ತತಿ?"

ಸಂಗು ಕಂಬದ ಮೇಲಿನಿಂದ ದೂರ ನೋಡಿದ. "ಇಲ್ಲಿಂದ ಕಾಣವಲ್ದು ಅಣ್ಣಾ," ಎಂದ.

ಅಂದು ಗೌರಿ ಹುಣ್ಣಿಮೆ. ಇಂಡಿ ಬಸ್ಸಿನಿಂದ ಇಳಿದು ಬರುತ್ತಿದ್ದ ಅಮಸಿದ್ದ ಕೈಯಲ್ಲಿ ಸ್ಟೀಲಿನ ಡಬ್ಬ ಹಿಡಿದಿದ್ದ, ಎಣ್ಣೆ ಒಯ್ಯಲು. ನಿಂತ ಗಾಣ ನೋಡಿ ಡಬ್ಬವನ್ನು ಚೀಲದೊಳಗೆ ಇಟ್ಟ. ಬೈಯಲಿಲ್ಲ. "ತಯಾರಾಗವ್ವಾ ತಂಗಿ, ಸಂಜಿ ಬಸ್ಸಿಗೆ ಹೋಗೂಣು" ಎಂದು ಮೆತ್ತಗೆ ಹೇಳಿ ಕಟ್ಟೆಯ ಮೇಲೆ ಕೂತ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ದುಂಡೇಶ ಗಾಣಕ್ಕೆ ಒರಗಿ ಕುಸಿದು ಕೂತ, ಅವನ ಅಂಗಿಗೆ ಎಣ್ಣೆಯಾದದ್ದೂ ಅವನಿಗೆ ಗೊತ್ತಾಗಲಿಲ್ಲ.

"ನಾ ಹೋಗಿ ಸಾಹೇಬರಿಗೆ ಮತ್ತೊಂದ ಅರ್ಜಿ ಕೊಡ್ಲೇನು?" ಎಂದು ಹೆಂಡತಿಯನ್ನು ಕೇಳಿದ.

ಸುರೇಖಾ ಎದ್ದಳು. ಕೈ ಒರೆಸಿಕೊಂಡಳು. ಟ್ರಂಕಿನಿಂದ ಕಾಗದದ ಫೈಲು ತೆಗೆದಳು. ನನ್ನ ಅಂಗಡಿಗೆ ಬಂದು, "ಮಾನಪ್ಪಣ್ಣಾ, ನೀನು ನಮ್ಮ ವಾರ್ಡಿನಂವ ಹೌದಲ್ಲೋ? ನಡಿ," ಎಂದಳು.

"ಎಲ್ಲಿಗೆ?"

"ನನ್ನ ಹೆಸರು ಸೂಚಿಸಾಕ ಒಬ್ಬರು ಬೇಕಂತ. ಲಗೂ ನಡಿ, ಮೂರಕ್ಕ ಬಾಗಿಲ ಹಾಕ್ತಾರ."

ನನ್ನ ಕೊರಳಲ್ಲಿ ಟೇಪು ಹಾಗೇ ಇತ್ತು. ಯಾರದೋ ಜಂಪರಿನ ಒಂದು ತೋಳು ಮಷೀನಿನಲ್ಲಿ ಉಳಿಯಿತು. ಚಹಾದಂಗಡಿಯಲ್ಲಿ ಪೇಢೆ ಹಂಚುತ್ತಿದ್ದ ಗುರುಲಿಂಗಪ್ಪನವರು ನಮ್ಮನ್ನು ಕಂಡು ನಮಗೂ ಒಂದೊಂದು ಕೊಟ್ಟರು. ನಾವು ತಿಂದು ಒಳಗೆ ಹೋದೆವು.

ಚುನಾವಣಾಧಿಕಾರಿ ಒಂದೊಂದೇ ಕಾಗದ ಕೇಳಿದರು. ಸುರೇಖಾ ಒಂದೊಂದೇ ತೆಗೆದು ಕೊಟ್ಟಳು. ಆಧಾರ್, ಮನೆಪಟ್ಟಿ, ಬಾಕಿ ಇಲ್ಲದ ಪತ್ರ, ಜಾತಿ ಪತ್ರ, ಫೋಟೋ. ಗಾಣದ ಲೈನಿಗೆ ಇವನ್ನೆಲ್ಲ ಕೇಳಿ ಕೇಳಿ ತರಿಸಿದ್ದರು, ನಮ್ಮ ದೇಶದಲ್ಲಿ ಮೂರು ಫೇಸಿಗೆ ಕೇಳುವ ಕಾಗದದ ಮುಂದೆ ಇಲೆಕ್ಷನ್ನಿನ ಕಾಗದ ಏನೂ ಅಲ್ಲ. ಅಧಿಕಾರಿ ಎಲ್ಲ ನೋಡಿ, "ಇಷ್ಟು ಪಕ್ಕಾ ಫೈಲು ಯಾರೂ ತಂದಿಲ್ರಿ ಅಕ್ಕಾರ," ಎಂದರು. ಬಾಗಿಲು ಹಾಕುವ ಮೊದಲು ಠಸ್ಸೆ ಬಿತ್ತು.

ನಾವು ಮೆಟ್ಟಿಲು ಇಳಿಯುವಾಗ ಚಹಾದಂಗಡಿಯಲ್ಲಿ ಯಾರೂ ಇರಲಿಲ್ಲ, ಪೇಢೆಯ ಡಬ್ಬ ಮಾತ್ರ ಬಾಯಿ ತೆರೆದು ಬಿದ್ದಿತ್ತು. ಬಜಾರ ಓಣಿಯ ತಿರುವಿಗೆ ಬಂದಾಗ ಗುಂಯ್ ಎಂಬ ಸದ್ದು ಕೇಳಿಸಿತು. ಕಂಬದ ಮೇಲೆ ಸಂಗು, ಕಂಬದ ಕೆಳಗೆ ಸಾಹೇಬರು. ಹೊರ್ತಿಯ ರೈತನ ಡಬ್ಬಕ್ಕೆ ಎಣ್ಣೆ ಇಳಿಯುತ್ತಿತ್ತು. ಅಮಸಿದ್ದ ಅಂಗಿಯ ತೋಳು ಏರಿಸಿ ಗಾಣಕ್ಕೆ ಶೇಂಗಾ ಸುರಿಯುತ್ತಿದ್ದ, ದುಂಡೇಶ ಬಂದವರಿಗೆಲ್ಲ "ನಾ ನಿಂತಿಲ್ರಿ, ಆಕಿ ನಿಂತಾಳ್ರಿ" ಎಂದು ಕೈ ಮುಗಿದು ಹೇಳುತ್ತಿದ್ದ. ಈ ಸಲ ಎಲ್ಲರೂ ಅವನನ್ನು ನಂಬಿದರು.

ಗುರುಲಿಂಗಪ್ಪನವರು ಗಾಣದ ಪಕ್ಕದ ಶೇಂಗಾ ಚೀಲದ ಮೇಲೆ ಬೆವರು ಒರೆಸಿಕೊಳ್ಳುತ್ತ ಕೂತಿದ್ದರು. ಸುರೇಖಾಳನ್ನು ಕಂಡು ಎದ್ದು ನಿಂತರು.

"ಯವ್ವಾ ಸುರೇಖಾ, ಲೈನ್ ಹಾಕಿಸೇನಿ. ಇನ್ನ ಯಾರೂ ತಗಿಯಂಗಿಲ್ಲ, ಕಾಗದದ ಮ್ಯಾಲ ಬರಸಿಕೊಡ್ತೇನಿ. ಅರ್ಜಿ ವಾಪಸ್ ತಗೋ. ಮತ್ತೇನರೆ ಬೇಕಿದ್ರ ಅದನ್ನೂ ಕೇಳು."

ಸುರೇಖಾ ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು, ಒಂದು ಲೋಟ ನೀರು ತಂದು ಅವರ ಕೈಗೆ ಕೊಟ್ಟಳು.

"ಮತ್ತೇನೂ ಬ್ಯಾಡ್ರಿ ಕಾಕಾ. ನಿಮ್ಮದೊಂದು ಓಟು ನನಗ ಹಾಕ್ರಿ."

ಯಾರು ಏನು ಕೇಳಿದರೂ ಜೀವನವಿಡೀ ಒಂದೇ ಉತ್ತರ ಕೊಟ್ಟು ರೂಢಿಯಾದ ಬಾಯಿ ಅವರದು. ಅದು ಅವರನ್ನು ಕೇಳದೆಯೇ ತೆರೆಯಿತು.

"ಆಯ್ತವ್ವಾ, ಮಾಡೂಣು," ಎಂದುಬಿಟ್ಟರು.